ವೋಡ್ಕಾಗೆ ಎನರ್ಜಿ ಡ್ರಿಂಕ್ ಬೆರೆಸಿ ಕೊಡಬಹುದಾ? ಚಪ್ಪರದ ರಾತ್ರಿಗೆ ಹುಡುಗರು ಕೇಳುತ್ತಿದ್ದಾರೆ

ಹಟ್ಟಿಹೊಳೆ ಅಕ್ಕ:

ಎಲ್ಲರಿಗೂ ನಮಸ್ಕಾರ. ಹಟ್ಟಿಹೊಳೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ, ಪಕ್ಕದಲ್ಲೇ ಮೂರು ಕೋಣೆಯ ಹೋಮ್‌ಸ್ಟೇ. ಮೇ ಮೊದಲ ವಾರ ನನ್ನ ತಮ್ಮನ ಮಗನ ಮದುವೆ. ಮುಹೂರ್ತ ಮಡಿಕೇರಿಯ ಮಂಟಪದಲ್ಲಿ. ಚಪ್ಪರದ ರಾತ್ರಿ ಮಾತ್ರ ನಮ್ಮ ಮನೆಯಲ್ಲಿ, ಕಾಫಿ ಒಣಗಿಸುವ ಕಣದಲ್ಲಿ ಶಾಮಿಯಾನ ಹಾಕಿ. ಊಟದ ಲೆಕ್ಕ, ಕುಡಿಯುವುದರ ಲೆಕ್ಕ ಎರಡೂ ನನ್ನ ತಲೆ ಮೇಲಿದೆ. ಅಬಕಾರಿ ಇಲಾಖೆಯ ಒಂದು ದಿನದ ಲೈಸೆನ್ಸ್‌ಗೆ ತಮ್ಮ ಓಡಾಡುತ್ತಿದ್ದಾನೆ.

ನಮ್ಮ ಕಡೆ ಶುಭಕಾರ್ಯದಲ್ಲಿ ಗ್ಲಾಸ್ ಇಡುವುದು ಹೊಸದಲ್ಲ. ವಿಸ್ಕಿ, ರಮ್, ಮನೆಯಲ್ಲೇ ಮಾಡಿದ ನೆಲ್ಲಿಕಾಯಿ ವೈನ್, ಜೊತೆಗೆ ಹಂದಿ ಫ್ರೈ. ಹಿರಿಯರು ಎರಡು ಪೆಗ್ ಹಾಕಿ, ಕಡುಬು ತಿಂದು, ಹತ್ತೂವರೆಗೆ ಮಲಗಿಬಿಡುತ್ತಾರೆ. ಇದನ್ನು ನೋಡಿಯೇ ಬೆಳೆದವಳು ನಾನು. ಹಾಗಾಗಿ ಕುಡಿಯುವವರನ್ನು ಬೈಯೋಕೆ ಈ ಪ್ರಶ್ನೆ ಹಾಕುತ್ತಿಲ್ಲ.

ಮೊನ್ನೆ ಮದುಮಗ ಪಟ್ಟಿ ಕಳಿಸಿದ. "ಅತ್ತೆ, ನನ್ನ ಫ್ರೆಂಡ್ಸ್ ಅರವತ್ತು ಜನ. ಅವರಿಗೆ ಬೇರೆ ಕೌಂಟರ್ ಬೇಕು. ವೋಡ್ಕಾ ರೆಡ್ ಬುಲ್, ಯೇಗರ್‌ಬಾಂಬ್, ಇಷ್ಟೇ. ಕ್ಯಾನ್ ನಾಲ್ಕು ಕೇಸ್ ಸಾಕು." ನಾಲ್ಕು ಕೇಸ್ ಅಂದರೆ 96 ಕ್ಯಾನ್. ಓದಿದ ತಕ್ಷಣ ನನಗೆ ಹೋದ ಡಿಸೆಂಬರ್ ನೆನಪಾಯಿತು.

ಆಗ ಬೆಂಗಳೂರಿನಿಂದ ಐದು ಹುಡುಗರು ಬಂದಿದ್ದರು. ಒಳ್ಳೆ ಮಕ್ಕಳೇ. ಬಾಟಲಿ, ಕ್ಯಾನ್ ಎಲ್ಲ ಅವರೇ ತಂದಿದ್ದರು. ನಾನು ಮದ್ಯ ಮಾರುವುದಿಲ್ಲ. ಬೆಂಕಿ ಹಾಕಿಕೊಟ್ಟೆ, ಊಟ ಕೊಟ್ಟೆ, ಹನ್ನೊಂದಕ್ಕೆ ಒಳಗೆ ಬಂದೆ. ಮೂರು ಗಂಟೆಗೆ ಕಾರ್ ಸ್ಟಾರ್ಟ್ ಆದ ಸದ್ದು. ಎದ್ದು ಹೋಗಿ ನೋಡಿದರೆ ಒಬ್ಬ ಸ್ಟೀರಿಂಗ್ ಹಿಡಿದು ಕೂತಿದ್ದಾನೆ. ಮಾಂದಲ್‌ಪಟ್ಟಿಗೆ ಸೂರ್ಯೋದಯ ನೋಡೋಕೆ ಹೊರಟಿದ್ದಾರಂತೆ. ಅವನ ಮಾತು ತೊದಲುತ್ತಿರಲಿಲ್ಲ. ಕಣ್ಣು ಪೂರ್ತಿ ತೆರೆದಿತ್ತು. "ಆಂಟಿ, ನನಗೆ ಏನೂ ಏರಿಲ್ಲ, ಫುಲ್ ಫ್ರೆಶ್ ಇದ್ದೀನಿ" ಅಂದ. ನಿಜ ಅಂತಲೇ ಅನ್ನಿಸಿತು. ಆಮೇಲೆ ಕಾರಿನಿಂದ ಇಳಿದವನು ಮೆಟ್ಟಿಲು ಎಲ್ಲಿದೆ ಅಂತ ಕಾಲಲ್ಲಿ ತಡಕಾಡಿದ. ಎಂಟು ಲಾರ್ಜ್ ಕುಡಿದಿದ್ದನಂತೆ, ಪ್ರತಿ ಎರಡಕ್ಕೆ ಒಂದು ಕ್ಯಾನ್. ಕೀ ಕಿತ್ತುಕೊಂಡು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟೆ.

ಬೆಳಗ್ಗೆ ಆರಕ್ಕೆ ಅದೇ ಹುಡುಗ ಎದೆ ಹಿಡಿದುಕೊಂಡು ಬಂದ. ಎದೆ ಬಡಿತ ನಿಲ್ಲುತ್ತಿಲ್ಲ, ಕೈ ನಡುಗುತ್ತಿದೆ, ನಿದ್ದೆ ಒಂದು ಚೂರೂ ಬಂದಿಲ್ಲ. ನನ್ನ ಮನೆಯವರು ಜೀಪಲ್ಲಿ ಮಡಿಕೇರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಸಿಜಿ ಮಾಡಿ, ಡ್ರಿಪ್ ಹಾಕಿ, ಸಂಜೆ ಕಳಿಸಿದರು. ಅವನಿಗೆ 24 ವರ್ಷ. ಅವನ ಅಮ್ಮನಿಗೆ ಫೋನ್ ಮಾಡಿದವಳು ನಾನೇ. ಆ ಫೋನ್ ನಾನು ಮರೆಯೋಕೆ ಆಗಿಲ್ಲ.

ವಿಸ್ಕಿ ಕುಡಿದವರನ್ನು ನಾನು ಸಾಕಷ್ಟು ನೋಡಿದ್ದೇನೆ. ಯಾರಿಗೆ ಎಷ್ಟು ಏರಿದೆ ಅಂತ ನಡಿಗೆಯಲ್ಲೇ ಗೊತ್ತಾಗುತ್ತದೆ. ಇದರಲ್ಲಿ ಮಾತ್ರ ನನಗೂ ಗೊತ್ತಾಗಲಿಲ್ಲ, ಅವನಿಗೂ ಗೊತ್ತಾಗಲಿಲ್ಲ. ಯಾಕೆ ಹೀಗೆ? ಇದು ಆ ಹುಡುಗನೊಬ್ಬನ ದೇಹದ ವಿಷಯವಾ, ಅಥವಾ ಈ ಮಿಶ್ರಣವೇ ಹೀಗಾ? ಮದುವೆ ಮನೆಯಲ್ಲಿ ಇಡಬಹುದಾ? ಬೇಡ ಅಂದರೆ ಅದರ ಬದಲು ಏನಿಡಲಿ? ಚಪ್ಪರದ ರಾತ್ರಿ ಅರವತ್ತು ಹುಡುಗರ ಮುಖ ಸಪ್ಪೆ ಮಾಡೋಕೆ ನನಗೆ ಇಷ್ಟವಿಲ್ಲ. ಊಟ ಮುಗಿಸಿ ಅರ್ಧ ಜನ ಸುಂಟಿಕೊಪ್ಪ, ಸೋಮವಾರಪೇಟೆ, ಮಡಿಕೇರಿ ಅಂತ ವಾಪಸ್ ಹೊರಡುವವರು. 2018ರ ಮಳೆಗೆ ಗುಡ್ಡ ಜರಿದ ಮೇಲೆ ನಮ್ಮ ರಸ್ತೆಯಲ್ಲಿ ಕತ್ತಲೆ ಹೊತ್ತು ಹೋಗೋಕೆ ನನಗೆ ಇವತ್ತಿಗೂ ಭಯ. ಮೇ ತಿಂಗಳಲ್ಲಿ ಒಂದು ಮಳೆ ಬಂದರೆ ಮಂಜು ಬೇರೆ.

ತಿಳಿದವರು ದಯವಿಟ್ಟು ಹೇಳಿ.

ಗೋಣಿಕೊಪ್ಪ ಹುಡುಗ:

ಅಕ್ಕ, ಅಷ್ಟೊಂದು ಹೆದರಬೇಡಿ. ನಾನು ಐದು ವರ್ಷದಿಂದ ವೋಡ್ಕಾ ಜೊತೆ ಇದನ್ನೇ ಕುಡಿಯುತ್ತಿದ್ದೇನೆ, ಏನೂ ಆಗಿಲ್ಲ. ಒಂದು ಕ್ಯಾನ್‌ನಲ್ಲಿ ಇರುವುದು ಒಂದು ಲೋಟ ಗಟ್ಟಿ ಕಾಫಿಯಷ್ಟೇ ಕೆಫೀನ್. ನಾವು ರೊಬಸ್ಟಾ ಬೆಳೆದು, ದಿನಕ್ಕೆ ನಾಲ್ಕು ಲೋಟ ಕುಡಿಯುವವರು. ಕೆಫೀನ್‌ಗೆ ನಾವು ಹೆದರೋದಾ? ಆ ಹುಡುಗ ಎಂಟು ಲಾರ್ಜ್ ಕುಡಿದದ್ದು ತಪ್ಪು. ಕ್ಯಾನ್‌ದೇನೂ ತಪ್ಪಿಲ್ಲ.

ಕುಶಾಲನಗರ ಸಿಸ್ಟರ್:

ಅಕ್ಕ, ನಾನು ನರ್ಸ್. ಒಂಬತ್ತು ವರ್ಷ ಮೈಸೂರಿನಲ್ಲಿ ಎಮರ್ಜೆನ್ಸಿ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ. ನೀವು ಹೇಳಿದಂಥ ಹುಡುಗರನ್ನು ಶನಿವಾರ ರಾತ್ರಿ ತುಂಬಾ ನೋಡಿದ್ದೇನೆ. ಅವನೊಬ್ಬನ ದೇಹದ ದೋಷ ಅಲ್ಲ ಇದು. ನೀವು ಕೀ ಕಿತ್ತುಕೊಂಡದ್ದು ತುಂಬಾ ದೊಡ್ಡ ಕೆಲಸ.

ಯಾಕೆ ಗೊತ್ತಾಗಲಿಲ್ಲ ಅಂತ ಕೇಳಿದಿರಿ. ನಾವು ಎಚ್ಚರ ಇದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಅನ್ನುವ ಒಂದು ರಾಸಾಯನಿಕ ಸೇರುತ್ತಾ ಹೋಗುತ್ತದೆ. ಅದು ತನ್ನ ಜಾಗದಲ್ಲಿ ಹೋಗಿ ಕೂತಾಗ ನಮಗೆ ತೂಕಡಿಕೆ ಬರುತ್ತದೆ. ಕೆಫೀನ್ ಹೋಗಿ ಆ ಜಾಗದಲ್ಲಿ ತಾನು ಕೂತುಬಿಡುತ್ತದೆ, ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಆಯಾಸ ಇದ್ದೇ ಇರುತ್ತದೆ, ತಿಳಿಯುವುದಿಲ್ಲ ಅಷ್ಟೆ. ಮದ್ಯ ಕುಡಿದವರಿಗೆ ಸಾಮಾನ್ಯವಾಗಿ ಒಂದು ಹಂತದಲ್ಲಿ ಕಣ್ಣು ಎಳೆಯುತ್ತದೆ, "ಸಾಕಪ್ಪಾ" ಅನ್ನಿಸುತ್ತದೆ. ಎಷ್ಟೋ ಜನರನ್ನು ನಿಲ್ಲಿಸುವುದು ಆ ತೂಕಡಿಕೆಯೇ. ಕೆಫೀನ್ ಅದನ್ನೇ ತೆಗೆದುಬಿಡುತ್ತದೆ. ರಕ್ತದಲ್ಲಿರುವ ಆಲ್ಕೋಹಾಲ್ ಮಾತ್ರ ಒಂದು ಹನಿಯೂ ಇಳಿಯುವುದಿಲ್ಲ. ಮಾತು ಸರಿ ಇರುತ್ತದೆ, ಕಣ್ಣು ತೆರೆದಿರುತ್ತದೆ, ಮೆಟ್ಟಿಲು ಸಿಗುವುದಿಲ್ಲ. ನೀವು ಕಂಡದ್ದು ಅದನ್ನೇ.

ಗೋಣಿಕೊಪ್ಪದ ತಮ್ಮ, ನೀನು ಹೇಳಿದ ಕಾಫಿ ಲೆಕ್ಕ ಸರಿ ಇದೆ. ನಮ್ಮ ದೇಶದ ನಿಯಮದಲ್ಲಿ ಎನರ್ಜಿ ಡ್ರಿಂಕ್‌ಗೆ ಲೀಟರಿಗೆ 300 ಮಿಲಿಗ್ರಾಂ ಕೆಫೀನ್ ಮಿತಿ. 250 ಎಂಎಲ್ ಕ್ಯಾನ್‌ಗೆ ಹೆಚ್ಚೆಂದರೆ 75. ಆದರೆ ನೀನು ರಾತ್ರಿ ಹನ್ನೆರಡಕ್ಕೆ ಒಂದರ ಹಿಂದೆ ಒಂದು ನಾಲ್ಕು ಲೋಟ ಕಾಫಿ ಕುಡಿಯುತ್ತೀಯಾ? ಬಿಸಿ ಕಾಫಿಯನ್ನು ಊದಿ ಊದಿ ಕುಡಿಯಬೇಕು. ಇದು ತಣ್ಣಗೆ, ಸಿಹಿಯಾಗಿ, ಐಸ್ ಜೊತೆ ಗಟಗಟ ಇಳಿಯುತ್ತದೆ. ನಾಲ್ಕು ಕ್ಯಾನ್‌ಗೆ 300 ಮಿಲಿಗ್ರಾಂ. ಆರೋಗ್ಯವಂತ ದೊಡ್ಡವರಿಗೆ ಒಂದು ಸಲಕ್ಕೆ 200, ಇಡೀ ದಿನಕ್ಕೆ 400 ಮೀರಬಾರದು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಹೇಳಿತು. ಬೆಳಗಿನಿಂದ ಕುಡಿದ ಕಾಫಿಯೂ ಆ 400ರೊಳಗೇ ಬರಬೇಕು. ಕ್ಯಾನ್ ಮೇಲೆ ಸಣ್ಣ ಅಕ್ಷರದಲ್ಲಿ ದಿನಕ್ಕೆ 500 ಎಂಎಲ್‌ಗಿಂತ ಹೆಚ್ಚು ಬೇಡ ಅಂತ ಬರೆದಿರುತ್ತದೆ. ಅಂದರೆ ಎರಡೇ ಕ್ಯಾನ್. ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ಬೇಡ ಅಂತಲೂ ಇರುತ್ತದೆ. ಓದಿ ನೋಡು.

ಇನ್ನು ಮದ್ಯದ ಲೆಕ್ಕ. ನಮ್ಮ ವಿಸ್ಕಿ, ವೋಡ್ಕಾ ಸಾಮಾನ್ಯವಾಗಿ 42.8 ಪರ್ಸೆಂಟ್. 60 ಎಂಎಲ್ ಲಾರ್ಜ್ ಒಂದರಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್. ಲಿವರ್ ಗಂಟೆಗೆ 7ರಿಂದ 10 ಗ್ರಾಂ ಕರಗಿಸುತ್ತದೆ. ನಾಲ್ಕು ಲಾರ್ಜ್ ಕರಗೋಕೆ ಎಂಟು ಗಂಟೆ ಬೇಕು, ಕೆಲವರಿಗೆ ಹನ್ನೊಂದೂ ಆಗಬಹುದು. ಎಂಟು ಲಾರ್ಜ್ ಕುಡಿದವನು ಮರುದಿನ ಮಧ್ಯಾಹ್ನವೂ ಗಾಡಿ ಓಡಿಸುವ ಸ್ಥಿತಿಯಲ್ಲಿ ಇರುವುದಿಲ್ಲ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. ಎಷ್ಟೋ ಜನ ಒಂದೇ ಲಾರ್ಜ್‌ಗೆ ಅದನ್ನು ಮುಟ್ಟಿಬಿಡುತ್ತಾರೆ.

ಒಂದು ಮಾತು ಎಲ್ಲರಿಗೂ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಮನೆಗಳಲ್ಲಿ ಜಾಸ್ತಿ ಕುಡಿದವರಿಗೆ ಬೆಲ್ಲದ ಕರಿ ಕಾಫಿ ಕುಡಿಸಿ "ಇಳಿಯುತ್ತೆ, ಆಮೇಲೆ ಹೋಗಲಿ" ಅನ್ನುತ್ತೇವೆ ಅಲ್ವಾ? ಅದೂ ಇದೇ ಕೆಲಸ ಮಾಡುತ್ತದೆ. ಕುಡಿದು ತೂಕಡಿಸುವವನನ್ನು ಎಬ್ಬಿಸಿ, ಕುಡಿದ ಎಚ್ಚರದವನನ್ನಾಗಿ ಮಾಡಿ ಕೈಗೆ ಕೀ ಕೊಡುತ್ತೇವೆ. ನನ್ನ ಅಪ್ಪನಿಗೆ ನನ್ನ ಅಮ್ಮ ಹಾಗೆ ಮಾಡುತ್ತಿದ್ದಳು. ಪ್ರೀತಿಯಿಂದಲೇ ಮಾಡುತ್ತಿದ್ದಳು. ಅವಳಿಗೆ ತಿಳಿಸಿ ಹೇಳೋಕೆ ನನಗೇ ಎಷ್ಟೋ ದಿನ ಬೇಕಾಯಿತು.

ಬಿಪಿ ಮಾತ್ರೆ ತೆಗೆದುಕೊಳ್ಳುವವರು, ಹೃದಯದ ತೊಂದರೆ ಇರುವವರು ಈ ಮಿಶ್ರಣದ ಹತ್ತಿರವೂ ಹೋಗಬಾರದು. ತಮಗೆ ತೊಂದರೆ ಇದೆ ಅಂತ ಗೊತ್ತೇ ಇಲ್ಲದ ಹುಡುಗರೂ ಇರುತ್ತಾರೆ, ಅದೇ ನನ್ನ ಚಿಂತೆ. ಆ ರಾತ್ರಿ ಯಾರಾದರೂ ಕುಡಿದು ಬಿದ್ದರೆ ಅಂಗಾತ ಮಲಗಿಸಬೇಡಿ, ಒಂದು ಮಗ್ಗುಲಿಗೆ ಮಲಗಿಸಿ, ಜೊತೆಗೆ ಒಬ್ಬರು ಇರಲಿ. ಕರೆದರೆ ಏಳದಿದ್ದರೆ, ಉಸಿರು ತಡೆದು ತಡೆದು ಬಂದರೆ, ಮೈ ತಣ್ಣಗಾಗಿ ತುಟಿ ನೀಲಿಯಾದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಹಟ್ಟಿಹೊಳೆಗೆ ಆಂಬುಲೆನ್ಸ್ ಬರೋಕೆ ಹೊತ್ತು ಹಿಡಿಯುತ್ತದೆ. ಅದಕ್ಕೇ ಕುಡಿಯದ ಒಬ್ಬ ಡ್ರೈವರ್ ಮತ್ತು ಒಂದು ಜೀಪ್ ಮನೆಯ ಮುಂದೆ ಇರಲಿ.

ವಿರಾಜಪೇಟೆ ಶೇಕರ್:

ಅಕ್ಕ, ನಿಮ್ಮ ಕೊನೆಯ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಹನ್ನೊಂದು ವರ್ಷ ಬಾರ್ ಹಿಂದೆ ನಿಂತವನು. ಮೊದಲು ಬೆಂಗಳೂರು, ಆಮೇಲೆ ಹಡಗು. ಈಗ ಊರಲ್ಲಿ ಕರಿಮೆಣಸು ನೋಡಿಕೊಂಡಿದ್ದೇನೆ.

ಈ ಕ್ಯಾನ್ ಮೂಲದಲ್ಲಿ ಥಾಯ್ಲೆಂಡಿನದು. ಅಲ್ಲಿ ಲಾರಿ ಡ್ರೈವರ್‌ಗಳು, ಕೂಲಿ ಕೆಲಸದವರು ನಿದ್ದೆ ಓಡಿಸೋಕೆ ಕುಡಿಯುತ್ತಿದ್ದ ಸಿಹಿ ಪಾನೀಯ. ಅದನ್ನು ನೋಡಿದ ಆಸ್ಟ್ರಿಯಾದ ಡೀಟ್ರಿಚ್ ಮಾಟೆಶಿಟ್ಸ್ ಗ್ಯಾಸ್ ಸೇರಿಸಿ, ರುಚಿ ಬದಲಿಸಿ, 1987ರಲ್ಲಿ ತನ್ನ ದೇಶದಲ್ಲಿ ರೆಡ್ ಬುಲ್ ಅಂತ ಮಾರೋಕೆ ಶುರು ಮಾಡಿದ. ಡ್ಯಾನ್ಸ್ ಕ್ಲಬ್ಬುಗಳಿಗೆ ಹೋದ ಮೇಲೆ ವೋಡ್ಕಾ ಜೊತೆ ಸೇರಿತು. ಯೇಗರ್‌ಬಾಂಬ್ ಅಂದರೆ ಎನರ್ಜಿ ಡ್ರಿಂಕ್ ಇರುವ ಗ್ಲಾಸಿಗೆ ಯೇಗರ್‌ಮೈಸ್ಟರ್‌ನ ಸಣ್ಣ ಶಾಟ್ ಗ್ಲಾಸನ್ನು ಹಾಗೆಯೇ ಬೀಳಿಸಿ, ಒಂದೇ ಉಸಿರಿಗೆ ಮುಗಿಸುವುದು. ಯೇಗರ್‌ಮೈಸ್ಟರ್ ಜರ್ಮನಿಯ ಮದ್ಯ, 1935ರದ್ದು, 56 ಬಗೆಯ ಬೇರು, ಸೊಪ್ಪು, ಮಸಾಲೆ ಹಾಕಿ ಮಾಡಿದ್ದು, 35 ಪರ್ಸೆಂಟ್. ಕಷಾಯದ ಹಾಗೆ ಊಟವಾದ ಮೇಲೆ ಒಂದು ಗುಟುಕು ಕುಡಿಯುವುದಕ್ಕೆ ಚೆನ್ನಾಗಿರುತ್ತದೆ. ಅದನ್ನು ಸಕ್ಕರೆ ನೀರಿನಲ್ಲಿ ಮುಳುಗಿಸಿ ಗಟಗಟ ಕುಡಿದರೆ ಆ 56ರಲ್ಲಿ ಒಂದರ ರುಚಿಯೂ ಸಿಗುವುದಿಲ್ಲ. ಇದು ನನಗೆ ನಿಜವಾಗಿ ನೋವಾಗುವ ವಿಷಯ.

ಕುಡಿಯೋಕೆ ಯಾಕೆ ಅಷ್ಟು ಸುಲಭ ಅಂದರೆ, ಒಂದು ಕ್ಯಾನ್‌ನಲ್ಲಿ ಸುಮಾರು 27 ಗ್ರಾಂ ಸಕ್ಕರೆ, ಆರೇಳು ಚಮಚ. ಜೊತೆಗೆ ಹುಳಿ, ಗ್ಯಾಸ್. ವಿಸ್ಕಿ ಗಂಟಲಿಗೆ ತಾಗಿದಾಗ "ನಿಧಾನ" ಅಂತ ತಾನೇ ಹೇಳುತ್ತದೆ. ಈ ಸಿಹಿಯೊಳಗೆ ವೋಡ್ಕಾಗೆ ಬಾಯಿಯೇ ಇಲ್ಲ. ಬಾರ್‌ನಲ್ಲಿ ನಾನು ಗಮನಿಸಿದ್ದೇನೆ. ವಿಸ್ಕಿ ಸೋಡಾದವರು ಒಂದು ಗ್ಲಾಸ್‌ಗೆ ಅರ್ಧ ಗಂಟೆ ತೆಗೆದುಕೊಂಡರೆ, ಇದರವರು ಹತ್ತು ನಿಮಿಷಕ್ಕೆ ವಾಪಸ್ ಬರುತ್ತಿದ್ದರು. ಶುಗರ್‌ಫ್ರೀ ಕ್ಯಾನ್ ತಂದರೆ ಪರವಾಗಿಲ್ಲ ಅಂದುಕೊಳ್ಳಬೇಡಿ. ಸಕ್ಕರೆ ಇಲ್ಲದಿದ್ದರೆ ಮದ್ಯ ಹೊಟ್ಟೆಯಿಂದ ಇನ್ನೂ ಬೇಗ ಮುಂದೆ ಹೋಗುತ್ತದೆ, ಬೇಗ ಏರುತ್ತದೆ.

ಅಮೆರಿಕದಲ್ಲಿ ಎರಡನ್ನೂ ಬೆರೆಸಿದ ಕ್ಯಾನನ್ನೇ ಮಾರುತ್ತಿದ್ದರು. ಫೋರ್ ಲೋಕೋ ಅಂತ. ಸುಮಾರು 700 ಎಂಎಲ್‌ನ ಒಂದು ಕ್ಯಾನ್, 12 ಪರ್ಸೆಂಟ್ ಆಲ್ಕೋಹಾಲ್, ಜೊತೆಗೆ ಕೆಫೀನ್. 2010ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ಪಾರ್ಟಿ ಮುಗಿಯುವಷ್ಟರಲ್ಲಿ ಒಂಬತ್ತು ಕಾಲೇಜು ಮಕ್ಕಳು ಆಸ್ಪತ್ರೆ ಸೇರಿದರು. ಮರು ತಿಂಗಳೇ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಂಥ ಪಾನೀಯ ಮಾಡುತ್ತಿದ್ದ ನಾಲ್ಕು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತು. ಮದ್ಯದಲ್ಲಿ ಬೆರೆಸಿದ ಕೆಫೀನ್ ಸುರಕ್ಷಿತ ಅಲ್ಲ ಅಂತ ಬರೆಯಿತು. ಆಮೇಲೆ ಕಂಪನಿಯವರು ಕೆಫೀನ್ ತೆಗೆದು ಮಾರಿದರು. ಆಗ ನಾನು ಬೆಂಗಳೂರಿನಲ್ಲಿ ಹೊಸಬ. ನಮ್ಮ ಹೆಡ್ ಬಾರ್‌ಟೆಂಡರ್ ಈ ಸುದ್ದಿ ಓದಿ ಒಂದು ನಿಯಮ ಮಾಡಿದರು. ಒಬ್ಬರಿಗೆ ಒಂದೇ ಕ್ಯಾನ್, ಆಮೇಲೆ ಕೇಳಿದರೆ ನೀರು. ಗಿರಾಕಿಗಳು ಗಲಾಟೆ ಮಾಡಿದರು. ಅವರು ಬಗ್ಗಲಿಲ್ಲ. ನಾನು ಕಲಿತದ್ದು ಅವರಿಂದ.

ಈಗ ನಿಮ್ಮ ಕೌಂಟರ್. ನಿಮ್ಮ ಮನೆಯಲ್ಲಿ ಪ್ಯಾಷನ್ ಫ್ರೂಟ್ ಸ್ಕ್ವಾಷ್ ಇದ್ದೇ ಇರುತ್ತದೆ, ಹೋಮ್‌ಸ್ಟೇ ನಡೆಸುವವರಲ್ಲವೇ. ಉದ್ದ ಗ್ಲಾಸಿಗೆ 30 ಎಂಎಲ್ ಸ್ಕ್ವಾಷ್, ಅರ್ಧ ನಿಂಬೆ, ಒಂದು ಚಮಚ ಶುಂಠಿ ರಸ, ಸೀಳಿದ ಗಾಂಧಾರಿ ಮೆಣಸು ಒಂದು. ಬಿಳಿ ರಮ್ 30 ಎಂಎಲ್, ಅಂದರೆ ಸ್ಮಾಲ್. ಲಾರ್ಜ್ ಹಾಕಬೇಡಿ. ಐಸ್ ತುಂಬಿಸಿ, ಸೋಡಾ ಸುರಿದು, ಗ್ಲಾಸಿನ ಅಂಚಿಗೆ ಉಪ್ಪು ಮತ್ತು ಕುಟ್ಟಿದ ಕರಿಮೆಣಸು. ಗಾಂಧಾರಿ ಇದ್ದರೆ ಯಾರೂ ಗಟಗಟ ಕುಡಿಯೋಕೆ ಆಗುವುದಿಲ್ಲ. ನಾಲಿಗೆಯೇ ತಡೆಯುತ್ತದೆ. ಕುಡಿದವರಿಗೆ ಜೋಶ್ ಬರುತ್ತದೆ, ಅದು ಮೆಣಸಿನ ಜೋಶ್. ಡ್ರೈವ್ ಮಾಡುವವರಿಗೆ ರಮ್ ಬಿಟ್ಟು ಎಲ್ಲವೂ ಹಾಕಿ, ಅದೇ ಗ್ಲಾಸಿನಲ್ಲಿ ಕೊಡಿ. ಬೇರೆ ಲೋಟದಲ್ಲಿ ಕೊಟ್ಟರೆ ಹುಡುಗರಿಗೆ ಮುಜುಗರ.

ಕಾಫಿ ಕಾಕ್‌ಟೇಲ್ ಮಾಡೋಣ ಅಂತ ಯಾರಾದರೂ ಸಲಹೆ ಕೊಡಬಹುದು. ನಮ್ಮ ಊರಿನ ಕಾಫಿ, ಹೆಮ್ಮೆ ಅಂತ. ಐರಿಶ್ ಕಾಫಿ, ಎಸ್ಪ್ರೆಸೊ ಮಾರ್ಟಿನಿ ಎರಡೂ ನನಗೆ ತುಂಬಾ ಇಷ್ಟ. ಆದರೆ ಅಲ್ಲೂ ಕೆಫೀನ್ ಜೊತೆ ಮದ್ಯವೇ ಇರುವುದು. ರೊಬಸ್ಟಾದಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್. ಊಟವಾದ ಮೇಲೆ ಕೂತು ಒಂದು ಕಪ್, ಅಷ್ಟಕ್ಕೆ ಸರಿ. ಕೌಂಟರ್ ಮೇಲೆ ರಾತ್ರಿಯಿಡೀ ಇಡುವಂಥದ್ದಲ್ಲ.

ನಾಪೋಕ್ಲು ಜೀಪ್:

ಅಕ್ಕ, ಹತ್ತು ವರ್ಷದಿಂದ ಜೀಪ್ ಓಡಿಸುತ್ತಿದ್ದೇನೆ. ಕುಡಿದು ಮಲಗಿದವರನ್ನು ಮನೆ ತಲುಪಿಸುವುದು ಸುಲಭ. ಕುಡಿದು ಎಚ್ಚರ ಇರುವವರ ಹತ್ತಿರ ಕೀ ಕೇಳುವುದೇ ಕಷ್ಟ. ಅದಕ್ಕೆ ಬರುವಾಗಲೇ ಕೇಳಿ ತೆಗೆದುಕೊಳ್ಳಿ. ಗೇಟಿನಲ್ಲಿ ಒಬ್ಬ ಹಿರಿಯರನ್ನು ಕೂರಿಸಿ, ಕೀಗೆ ಹೆಸರಿನ ಚೀಟಿ ಕಟ್ಟಿ ಇಟ್ಟುಕೊಳ್ಳಲಿ. ಮಾವ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಗೋಣಿಕೊಪ್ಪ ಹುಡುಗ:

ಸಿಸ್ಟರ್, ನಿಮ್ಮ ಉತ್ತರ ಎರಡು ಸಲ ಓದಿದೆ. ಹೋದ ತಿಂಗಳು ಪೊನ್ನಂಪೇಟೆಯಿಂದ ರಾತ್ರಿ ಒಂದೂವರೆಗೆ ನಾನೇ ಬೈಕ್ ಓಡಿಸಿಕೊಂಡು ಬಂದಿದ್ದೆ. ಮೂರು ಲಾರ್ಜ್, ಎರಡು ಕ್ಯಾನ್. ಫ್ರೆಶ್ ಇದ್ದೆ ಅಂತಲೇ ನಂಬಿದ್ದೆ. ಯಾವ ರಸ್ತೆಯಲ್ಲಿ ಬಂದೆ ಅಂತ ಬೆಳಗ್ಗೆ ನೆನಪಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ.

ಕುಶಾಲನಗರ ಸಿಸ್ಟರ್:

ತಮ್ಮ, ಇಲ್ಲಿ ಹೇಳಿದೆಯಲ್ಲ, ಅದು ಒಳ್ಳೆಯದಾಯಿತು. ನೆನಪು ಹೋಗುವುದು ದೊಡ್ಡ ಸೂಚನೆ. ಒಂದು ಸಲ ಡಾಕ್ಟರ್‌ಗೆ ತೋರಿಸಿ ಬಾ. ಇನ್ನು ಮುಂದೆ ಪೆಗ್ ಎಣಿಸು. "ಹೇಗಿದ್ದೀನಿ" ಅಂತ ನಿನ್ನ ಮೈಯನ್ನು ಕೇಳಬೇಡ, ಕೆಫೀನ್ ಇದ್ದಾಗ ಅದು ನಿಜ ಹೇಳುವುದಿಲ್ಲ.

ಹಟ್ಟಿಹೊಳೆ ಅಕ್ಕ:

ಮದುವೆ ಮುಗಿಯಿತು. ಏನಾಯಿತು ಅಂತ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ನಿಮ್ಮೆಲ್ಲರ ಉತ್ತರವನ್ನು ಮದುಮಗನಿಗೆ ಕಳಿಸಿದ್ದೆ. ಮೊದಲು ಮುನಿಸಿಕೊಂಡ. ಎರಡು ದಿನ ಫೋನ್ ಎತ್ತಲಿಲ್ಲ. ಮೂರನೇ ದಿನ ಡಿಸೆಂಬರಿನ ಆ ಹುಡುಗನ ಕಥೆಯನ್ನು ಪೂರ್ತಿ ಹೇಳಿದೆ, ಅವನ ಅಮ್ಮ ಫೋನಿನಲ್ಲಿ ಏನಂದಳು ಅನ್ನುವುದನ್ನೂ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು ಅತ್ತೆ, ಕ್ಯಾನ್ ಬೇಡ" ಅಂದ.

ಗೇಟಿನಲ್ಲಿ ನನ್ನ ದೊಡ್ಡ ಭಾವ ಕೂತರು, ಮಡಿಲಲ್ಲಿ ಹಿತ್ತಾಳೆ ತಟ್ಟೆ. 31 ಕೀ ಬಂತು. ಒಬ್ಬನೂ ಇಲ್ಲ ಅನ್ನಲಿಲ್ಲ. ವಿರಾಜಪೇಟೆ ತಮ್ಮ ಹೇಳಿದ ಗ್ಲಾಸಿಗೆ ಹುಡುಗರು ಅಲ್ಲೇ "ಗಾಂಧಾರಿ ಬಾಂಬ್" ಅಂತ ಹೆಸರಿಟ್ಟರು. ಸ್ಕ್ವಾಷ್ ಒಂಬತ್ತು ಬಾಟಲಿ ಖಾಲಿ. ರಮ್ ಇಲ್ಲದ ಗ್ಲಾಸ್ ಯಾವುದು, ಇರುವುದು ಯಾವುದು ಅಂತ ನೋಡಿದರೆ ಗೊತ್ತಾಗುತ್ತಿರಲಿಲ್ಲ. ನನ್ನ ಅತ್ತಿಗೆಯೂ ಎರಡು ಕುಡಿದರು, ರಮ್ ಇಲ್ಲದ್ದು. ಇಬ್ಬರು ಹುಡುಗರು ಕಾರಿನಲ್ಲಿ ತಾವೇ ತಂದ ಕ್ಯಾನ್ ಇಟ್ಟುಕೊಂಡಿದ್ದರು. ಮದುಮಗನೇ ಹೋಗಿ ಮಾತಾಡಿ ಒಳಗಿಟ್ಟ.

ಒಂಬತ್ತಕ್ಕೆ ಮಳೆ ಸುರಿಯಿತು, ಆಮೇಲೆ ಮಂಜು ಇಳಿಯಿತು. ಕಣದಾಚೆಯ ಸಿಲ್ವರ್ ಓಕ್ ಮರವೂ ಕಾಣುತ್ತಿರಲಿಲ್ಲ. ಎರಡು ಜೀಪ್ ಓಡಾಡಿ ಸುಂಟಿಕೊಪ್ಪ ಕಡೆಯವರನ್ನು ಬಿಟ್ಟು ಬಂದವು. ಉಳಿದವರಿಗೆ ಕಾಫಿ ಗೋದಾಮು ಗುಡಿಸಿ, ಚಾಪೆ, ಕಂಬಳಿ ಹಾಸಿಟ್ಟಿದ್ದೆ. ಯಾರಾದರೂ ಅಲ್ಲಿ ಮಲಗುತ್ತಾರಾ ಅನ್ನುವ ಅನುಮಾನ ಇತ್ತು. ಹನ್ನೊಂದೂಕಾಲಿಗೆ ಅಡುಗೆಮನೆ ಬಾಗಿಲಿಗೆ ಒಬ್ಬ ಹುಡುಗ ಬಂದ, ಕಣ್ಣು ಉಜ್ಜಿಕೊಳ್ಳುತ್ತಾ.

"ಆಂಟಿ, ನಿದ್ದೆ ಬರ್ತಿದೆ. ಚಾಪೆ ಎಲ್ಲಿ?"